ಹದಿನೆಂಟು ಗುಂಡಿಗಳು

ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ನನ್ನ ನಾಯಿ ಮಣಿಯನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋದರು, ಅದು ಗೋಡೆ ಗಡಿಯಾರದ ಲೆಕ್ಕ, ನನ್ನ ಕೈಗಡಿಯಾರ ನಾಲ್ಕು ನಿಮಿಷ ಮುಂದಿದೆ, ಟೈಲ್ಸಿನ ಮೇಲೆ ಅವನ ಉಗುರು ಜಾರಿದ ಸದ್ದು ಇನ್ನೂ ಕಿವಿಯಲ್ಲಿದೆ, ಕಾಲೂರಿ ನಿಂತುಬಿಟ್ಟ, ಬಾರೋ ರಾಜಾ, ನಿನ್ನ ಹೊಟ್ಟೆಯೊಳಗಿನ ಟೈಲರಂಗಡಿ ಮುಚ್ಚಿಸೋಣ ಎಂದು ಕಾಂಪೌಂಡರು ನಕ್ಕು ಎಳೆದರು, ಬಾಗಿಲ ಮೇಲೆ ಕೆಂಪು ದೀಪ ಹತ್ತಿತು — ಬೆಂಚಿನ ಎದುರಿಗೇ ಬೆಳಕಿನ ಪೆಟ್ಟಿಗೆ, ಅದರ ಮೇಲೆ ಎಕ್ಸ್‌ರೇ ಪ್ಲೇಟು, ಯಾರೂ ಆರಿಸದೆ ಹೋಗಿದ್ದಾರೆ, ಮೂಲೆಯಲ್ಲಿ ಬಿಳಿ ಅಕ್ಷರ, ಮಣಿ, ಗಂಡು, ಆರು ವರ್ಷ, ಪಕ್ಕೆಲುಬು, ಬೆನ್ನೆಲುಬು, ಹೊಟ್ಟೆಯ ಮಸುಕಿನ ನಡುವೆ ಆ ಗೆರೆ, ನೋಡಿ ಅಮ್ಮಾ, ಸೂಜಿ, ಒಳಗೆ ಹೋಗುವ ಮೊದಲು ಡಾಕ್ಟರು ಪೆನ್ನಿನ ತುದಿಯಲ್ಲಿ ತೋರಿಸಿದ್ದರು, ಏನು ಕೆಲಸ ಮಾಡ್ತೀರಿ, ಬ್ಲೌಸ್ ಹೊಲೀತೀನಿ ಸಾರ್, ಮತ್ತೆ ಇನ್ನೇನು ಕೇಳೋದು, ನೀವೇ ತಿನ್ನಿಸಿದೀರಿ, ಈಗಲೇ ಕೊಯ್ದು ತೆಗೀಬೇಕು, ತಡ ಮಾಡಿದ್ರೆ ಕರುಳು ತೂತಾಗುತ್ತೆ. ನನ್ನ ಮೆತ್ತೆಯಲ್ಲಿ ಹನ್ನೊಂದು ಕೈಸೂಜಿಗಳಿವೆ, ಇಪ್ಪತ್ತು ವರ್ಷದಿಂದ ಅಂಗಡಿ ಮುಚ್ಚುವಾಗ ಎಣಿಸುತ್ತೇನೆ, ಶನಿವಾರ ಹನ್ನೊಂದಿದ್ದವು, ನಿನ್ನೆ ಭಾನುವಾರವೂ, ಇವನು ಏನಾದರೂ ನುಂಗಿದ್ದಾನೋ ಎಂದು ಮನಸ್ಸು ತಡೆಯದೆ ಹೋಗಿ ಎಣಿಸಿದೆ, ಹನ್ನೊಂದು — ಆದರೆ ಪ್ಲೇಟಿನಲ್ಲಿ ಕಂಡಮೇಲೆ ನನ್ನ ಎಣಿಕೆಗೆ ಏನು ಬೆಲೆ, ಆದರೂ ಬಾಯಿ ಸುಮ್ಮನಿರಲಿಲ್ಲ, ಸಾರ್, ಇಷ್ಟು ದಪ್ಪದ್ದು ನನ್ನ ಹತ್ರ ಇಲ್ಲ, ತುದಿ ಬೇರೆ ಬಾಗಿದೆ, ಅಂದೆ, ಪ್ಲೇಟಲ್ಲಿ ಎಲ್ಲಾ ದೊಡ್ಡದಾಗೇ ಕಾಣುತ್ತೆ ಅಮ್ಮಾ, ಬ್ಲೌಸಿನ ವಿಷಯಕ್ಕೆ ನಾನು ಬರ್ತೀನಾ, ಕಿವಿಯಲ್ಲಿ ಫೋನು, ಮುಂದಿನವರನ್ನು ಕರೆಯಿರಿ ಎಂದು ಕೈಸನ್ನೆ, ಮಣಿಯ ಹೊಟ್ಟೆಯನ್ನು ಒಂದು ಸಲವೂ ಮುಟ್ಟಿ ನೋಡಲಿಲ್ಲ, ಶನಿವಾರವೂ ಇಲ್ಲ, ಇವತ್ತೂ ಇಲ್ಲ. ಒಪ್ಪಿಗೆ ಕಾಗದದ ಮೇಲೆ ಇಸಕ್ಕಿಯಮ್ಮಾಳ್ ಎಂದು ಸಹಿ ಹಾಕಿದೆ, ಕೊನೆಯ ಅಕ್ಷರ ಗೆರೆ ದಾಟಿತು.

ಕಣ್ಣು ಮತ್ತೆ ಅಲ್ಲಿಗೇ ಹೋಗುತ್ತದೆ, ಸೂಜಿಗಲ್ಲ, ಪ್ಲೇಟಿನ ಬಲ ಅಂಚಿಗೆ, ಏನೋ ಸರಿಯಿಲ್ಲ, ಅಳತೆ ತಪ್ಪಿ ಕತ್ತರಿಸಿದ ಬಟ್ಟೆ ಮೇಜಿನ ಮೇಲಿದ್ದಾಗ ಹೀಗೇ ಆಗುತ್ತದೆ, ಎಲ್ಲಿ ತಪ್ಪಿದೆ ಎಂದು ತಿಳಿಯುವ ಮೊದಲೇ ಕತ್ತರಿ ಕೆಳಗಿಡುತ್ತೇನೆ — ಹನ್ನೊಂದು ಮೂವತ್ತೊಂದು. ಶನಿವಾರ ಎಕ್ಸ್‌ರೇ ತೆಗೆಸಲು ಇದೇ ಬೆಂಚಿನಲ್ಲಿ ಕೂತಿದ್ದೆ, ಮೂರು ದಿನ ತೂತ್ತುಕುಡಿಯಲ್ಲಿ ಅಕ್ಕನ ಮಗಳ ಮದುವೆ ಮುಗಿಸಿ ಬಂದರೆ ಇವನು ಊಟ ಬಿಟ್ಟು ಮಲಗಿದ್ದ, ಬೆಂಚಿನಲ್ಲಿ ನನ್ನ ಪಕ್ಕ ಅಕ್ಕಿ ಗೋದಾಮಿನ ಸುಡಲೈಮುತ್ತು ಅಣ್ಣಾಚ್ಚಿ, ಅವರ ನಾಯಿ ಹಳದಿ ನೀರು ಕಕ್ಕುತ್ತಿತ್ತು, ಅಣ್ಣಾಚ್ಚಿಯ ಬೆರಳ ತುಂಬ ಗೋಣಿ ಹೊಲಿದು ಹೊಲಿದು ಕಟ್ಟಿದ ಗಂಟುಗಳು, ಏನು ಹೆಸರು ತಂಗಚ್ಚಿ ನಿಮ್ಮದಕ್ಕೆ, ಮಣಿ, ಅಯ್ಯೋ ನಮ್ಮದೂ ಮಣಿನೇ, ನಮ್ಮ ಬೀದಿಲಿ ನಾಲ್ಕು ಮಣಿ ಇದಾವೆ, ಒಂದನ್ನ ಕೂಗಿದ್ರೆ ನಾಲ್ಕೂ ಬರ್ತವೆ, ಬಿಸ್ಕತ್ತು ನಾಲ್ಕು ಕೊಡಬೇಕು, ನಮ್ಮ ಜನಕ್ಕೆ ಮಕ್ಕಳಿಗೆ ಹೆಸರಿಡೋಕೆ ಜೋಯಿಸರು ಬೇಕು, ನಾಯಿಗೆ ಮಾತ್ರ ಇದೊಂದೇ ಎಂದು ನಕ್ಕರು, ನಾನೂ ನಕ್ಕೆ, ಎರಡು ಮಣಿಗಳೂ ಒಂದನ್ನೊಂದು ಮೂಸಿದವು, ಅವರದು ಅಷ್ಟು ಸುಸ್ತಿನಲ್ಲೂ ಕುಡುಗೋಲಿನಂಥ ಉದ್ದ ಬಾಲವನ್ನು ನನ್ನ ಸೀರೆಗೆ ಬಡಿಯಿತು, ನನ್ನ ಮಣಿ ತನ್ನ ಮೋಟನ್ನೇ ಅಲ್ಲಾಡಿಸಿದ, ಹೆಬ್ಬೆರಳಿನಷ್ಟು ಮೋಟು, ಅಯ್ಯೋ ಬಾಲ ಏನಾಯ್ತು ತಂಗಚ್ಚಿ, ಬಾಲದ ಮೇಲೆ ಬೈಕು ಹೋಯಿತೆಂದು ಸುಳ್ಳು ಹೇಳಿದೆ. ಬೈಕಲ್ಲ, ನಾನು, ನಾಲ್ಕು ವರ್ಷದ ಹಿಂದೆ, ಮಧ್ಯಾಹ್ನ ಒಂದೂವರೆಗೆ ಊಟಕ್ಕೆಂದು ಅಂಗಡಿಯ ಷಟರ್ ಎಳೆದೆ, ಅವನು ಹೊಸ್ತಿಲಲ್ಲಿ ನಿದ್ದೆ ಮಾಡುತ್ತಿದ್ದ, ನೋಡಲಿಲ್ಲ, ಆ ಕೂಗು — ಅಂದಿನಿಂದ ಷಟರ್ ಎಳೆಯುವ ಮೊದಲು ಮಣೀ ಎಂದು ಒಮ್ಮೆ ಕರೆಯುತ್ತೇನೆ, ಅವನು ಎದ್ದು ಬಂದು ಕಾಲಿಗೆ ಒರಗಿದ ಮೇಲೆಯೇ ಎಳೆಯುವುದು. ಇವತ್ತು ಬೆಳಿಗ್ಗೆ ಏಳು ಗಂಟೆಗೆ ತಾನಾಗಿಯೇ ಎದ್ದು ನನ್ನ ತಟ್ಟೆಯ ಹತ್ತಿರ ಬಂದ, ಎರಡು ಇಡ್ಲಿ ತಿಂದ, ತಟ್ಟೆಯನ್ನು ನೆಕ್ಕಿ ಗೋಡೆಯವರೆಗೆ ತಳ್ಳಿದ, ಎಷ್ಟು ಸಂತೋಷವಾಯಿತೆಂದರೆ ಆಸ್ಪತ್ರೆಗೆ ಹೋಗುವುದೇ ಬೇಡ ಅನ್ನಿಸಿತ್ತು, ಪ್ಲೇಟಿನ ಫಲಿತಾಂಶ ಕೇಳಿಕೊಂಡು ಬರೋಣವೆಂದಷ್ಟೇ ಬಂದೆ, ಸೂಜಿ ನುಂಗಿದ ನಾಯಿ ಇಡ್ಲಿ ತಿನ್ನುತ್ತದೆಯೇ, ತಿನ್ನಬಹುದು, ನನಗೇನು ಗೊತ್ತು, ಗೇಟಿನಲ್ಲಿ ಅಣ್ಣಾಚ್ಚಿ ತಮ್ಮ ಮಣಿಯನ್ನು ಆಟೋಗೆ ಎತ್ತಿ ಹಾಕುತ್ತಿದ್ದರು, ನಮ್ಮದಕ್ಕೆ ಏನೂ ಇಲ್ವಂತೆ ತಂಗಚ್ಚಿ, ಪ್ಲೇಟು ನೀಟಾಗಿದೆ ಅಂದ್ರು, ಹುಳದ ಔಷಧಿ ಕೊಟ್ಟು ಹೊಟ್ಟೆ ತುಂಬ ಮೊಸರನ್ನ ಹಾಕಿ ಅಂದ್ರು, ಆಟೋದ ಅಂಚಿನಿಂದ ಆ ಉದ್ದ ಬಾಲ ಜೋತುಬಿದ್ದಿತ್ತು, ಅಲ್ಲಾಡುತ್ತಿರಲಿಲ್ಲ — ಬಾಲ.

ಬಾಲ, ಪ್ಲೇಟಿನ ಬಲ ಅಂಚಿನಲ್ಲಿ, ಸೊಂಟದ ಎಲುಬು ಮುಗಿದಲ್ಲಿಂದ, ದಾರಕ್ಕೆ ಪೋಣಿಸಿದ ಬಿಳಿ ಗುಂಡಿಗಳ ಹಾಗೆ, ಮೊದಲು ಕೋಟಿನ ಗುಂಡಿ, ಆಮೇಲೆ ಅಂಗಿಯದು, ಆಮೇಲೆ ಮಕ್ಕಳ ಜುಬ್ಬದ್ದು, ಸಣ್ಣದಾಗುತ್ತ ಆಗುತ್ತ ಕುಡುಗೋಲಿನಂತೆ ಬಾಗಿ ಅಂಚಿನವರೆಗೆ, ಎಣಿಸಿದೆ, ಹದಿನೆಂಟು, ತಪ್ಪಿರಬಹುದು, ಮತ್ತೆ ಎಣಿಸಿದೆ, ಹದಿನೆಂಟು, ನನ್ನ ಮಣಿಗೆ ಹೆಚ್ಚೆಂದರೆ ಮೂರಿರಬಹುದು, ಹನ್ನೊಂದು ಮೂವತ್ತೆಂಟು. ಆ ಬಾಗಿದ ತುದಿ, ಆ ದಪ್ಪ, ಅದು ದಬ್ಬಣ, ಗೋಣಿ ಹೊಲಿಯುವ ದಬ್ಬಣ, ಕಣ್ಣೆದುರೇ ಇತ್ತು, ಹೊಲಿಗೆಯವಳು ನಾನು, ಪ್ಲೇಟಲ್ಲಿ ಎಲ್ಲಾ ದೊಡ್ಡದಾಗೇ ಕಾಣುತ್ತೆ. ಏಳಬೇಕು, ಏಳಲಿಲ್ಲ, ಬಾಗಿಲ ಮೇಲೆ ಬರೆದಿದ್ದಾರೆ, ಆಪರೇಷನ್ ನಡೆಯುವಾಗ ತಟ್ಟಬಾರದು, ತಟ್ಟಿದಾಗ ಬೆಚ್ಚಿ ಡಾಕ್ಟರ ಕೈ ಜಾರಿದರೆ, ಅವರು ಓದಿದವರು, ಬಾಲವಿಲ್ಲದ್ದು ಅವರ ಕಣ್ಣಿಗೂ ಬಿದ್ದಿರುತ್ತದೆ, ಪ್ಲೇಟಿನಲ್ಲಿ ಇಲ್ಲದ್ದೂ ಮೂಡುತ್ತದೋ ಏನೋ, ಇಲ್ಲ, ಇಲ್ಲದ ಎಲುಬು ಹೇಗೆ ಮೂಡುತ್ತದೆ, ಹನ್ನೊಂದು ನಲವತ್ತೈದು, ಏಳು ನಿಮಿಷ ಬೆಂಚಿಗೆ ಅಂಟಿಕೊಂಡೇ ಕೂತಿದ್ದೆ, ಆಮೇಲೆ ಕೌಂಟರಿನ ಪೇಚ್ಚಿಯ ಹತ್ತಿರ ಹೋದೆ, ಪೇಚ್ಚಿ, ಆ ಪ್ಲೇಟಲ್ಲಿ ಬಾಲ ಇದೆ, ಇರುತ್ತಲ್ಲಕ್ಕಾ, ನಾಯಿ ಅಂದಮೇಲೆ ಬಾಲ ಇರೋದಿಲ್ವಾ, ನನ್ನದಕ್ಕಿಲ್ಲ, ಅವಳ ನಗು ಅರ್ಧಕ್ಕೆ ನಿಂತಿತು, ರಿಜಿಸ್ಟರ್ ತೆಗೆದಳು, ಶನಿವಾರದ ಪುಟ, ಬೆರಳು ಕೆಳಗಿಳಿಯಿತು, ಇಪ್ಪತ್ತೆರಡು, ಮಣಿ, ಗಂಡು, ಆರು ವರ್ಷ, ಇಪ್ಪತ್ತಮೂರು, ಮಣಿ, ಗಂಡು, ಆರು ವರ್ಷ, ಪ್ಲೇಟಿನ ಮೇಲೆ ನಂಬರ್ ಬರೆಯೋದಿಲ್ವಾ ಪೇಚ್ಚಿ, ಹೆಸರು ಬರೀತೀವಕ್ಕಾ, ಹೆಸರು ಸಾಕಾಗುತ್ತೆ ಅಂತ, ಅವಳ ದನಿ ಸಣ್ಣಗಾಗಿತ್ತು, ನಾನು ಆಗಲೇ ಬಾಗಿಲ ಹತ್ತಿರವಿದ್ದೆ, ಎರಡೂ ಅಂಗೈಯಿಂದ ಬಡಿದೆ, ಮಣೀ ಎಂದು ಕೂಗಿದೆ, ಷಟರ್ ಎಳೆಯುವ ಮೊದಲು ಕರೆಯುವ ಹಾಗೆ, ಬಾಗಿಲು ಒಂದು ಗೇಣು ತೆರೆಯಿತು, ಕಾಂಪೌಂಡರ ಹಣೆಯ ತುಂಬ ಬೆವರು, ನಾನು ಹೇಳಬೇಕಾದ್ದನ್ನು ಹೇಳುವ ಮೊದಲೇ ಅವರು ಕೇಳಿದರು, ಅಮ್ಮಾ, ಬೆಳಿಗ್ಗೆ ಇದಕ್ಕೆ ಏನಾದ್ರೂ ತಿನ್ನಿಸಿದ್ರಾ, ಎರಡು ಇಡ್ಲಿ, ಎಷ್ಟು ಗಂಟೆಗೆ, ಏಳಕ್ಕೆ, ಯಾಕಣ್ಣಾ, ಯಾಕೆ ಈಗ ಕೇಳ್ತೀರಿ, ಅವರು ಹಿಂದಕ್ಕೆ ತಿರುಗಿ ಎರಡು ಇಡ್ಲಿಯಂತೆ ಸಾರ್, ಮತ್ತಿನಲ್ಲಿ ಅದೇ ಕಕ್ಕಿ ಉಸಿರಿಗೆ ಸಿಕ್ಕಿರಬೇಕು ಎಂದರು, ಬಾಗಿಲು ಮುಚ್ಚಿತು, ಅಷ್ಟರಲ್ಲಿ ಮೇಜಿನ ಅಂಚು ಕಂಡಿತ್ತು, ಹಸಿರು ಬಟ್ಟೆ, ಅದರಡಿಯಿಂದ ಹೊರಗೆ ಬಂದಿದ್ದ ಮೋಟು, ನನ್ನ ದನಿ ಕೇಳಿದರೆ ನಿದ್ದೆಯಲ್ಲೂ ಅಲ್ಲಾಡುತ್ತಿತ್ತು, ಈಗ ಇಲ್ಲ — ಮತ್ತಿನ ಮದ್ದು ಕೊಟ್ಟಿರುತ್ತಾರೆ, ಅದಕ್ಕೇ ಇರಬೇಕು, ಅದಕ್ಕೇ. ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ನಿಂತರೆ ಎದುರಿಗೆ ಪ್ಲೇಟು, ಕೋಟಿನ ಗುಂಡಿ, ಅಂಗಿಯ ಗುಂಡಿ, ಜುಬ್ಬದ ಗುಂಡಿ, ಹದಿನೈದು, ಹದಿನಾರು, ಹದಿನೇಳು, ಹದಿನೆಂಟು, ಮತ್ತೆ ಮೊದಲಿನಿಂದ, ಹದಿನೆಂಟು, ಬಿಳಿ ಗುಂಡಿಗಳು, ಹದಿನೆಂಟು.

ಹನ್ನೆರಡು ಹತ್ತಕ್ಕೆ ಡಾಕ್ಟರು ಹೊರಗೆ ಬಂದು, ನನ್ನ ಕಡೆ ನೋಡದೆ, ಪ್ಲೇಟಿನ ಹಿಂದಿನ ದೀಪ ಆರಿಸಿ, ಇನ್ನೊಂದು ಮಣಿಯ ಮನೆಗೆ ಫೋನ್ ಮಾಡು, ಏನೂ ತಿನ್ನಿಸಬೇಡಿ ಅಂತ ಹೇಳು ಎಂದು ಪೇಚ್ಚಿಗೆ ಹೇಳಿದರು.