ತಳದ ಕಾಳು

ಹಂಪಾಪುರದ ಕಂಠಪ್ಪನವರ ಮನೆಯಲ್ಲಿ ಒಲೆ ಮುಂದೆ ನಿಂತು ಬೇಯಿಸುವವಳು ಸೊಸೆ ಪುಷ್ಪಾ. ಆದರೆ ಸೌಟು ಹಿಡಿದು ಬಡಿಸುವವರು ಅತ್ತೆ ಶಿವರುದ್ರಮ್ಮನವರೇ. ಕೊಟ್ಟಿಗೆಯಲ್ಲಿ ಕಾಲು ಜಾರಿ ಬಿದ್ದು, ತೊಡೆಯ ಮೂಳೆ ಮುರಿದು, ಮೈಸೂರಿನ ಆಸ್ಪತ್ರೆಯಲ್ಲಿ ರಾಡು ಹಾಕಿಸಿಕೊಂಡು ಬಂದ ಮೇಲೂ ಆ ಪದ್ಧತಿ ತಪ್ಪಲಿಲ್ಲ. ಊಟದ ಹೊತ್ತಿಗೆ ವಾಕರ್ ಊರಿಕೊಂಡು ಮೆಲ್ಲಗೆ ಅಡುಗೆಮನೆಗೆ ಬರುವರು. ಅಲ್ಲಿ ಹಾಕಿದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಸಾರಿನ ಪಾತ್ರೆಯನ್ನು ಎದುರಿನ ಸ್ಟೂಲಿನ ಮೇಲೆ ಇಡಿಸಿಕೊಂಡು, ಸೌಟಿಗೆ ಕೈ ಚಾಚುವರು. ಪುಷ್ಪಾ ತಟ್ಟೆ ಹಿಡಿಯುವಳು.

ಮೂಳೆ ಕೂಡಿಕೊಳ್ಳುತ್ತಿದೆ ಎಂದೇ ಡಾಕ್ಟರು ಹೇಳಿದ್ದರು. ಕೂಡದೆ ಉಳಿದಿದ್ದು ಮೇಲಿನ ಗಾಯ. ಹೊಲಿಗೆ ಬಿಚ್ಚಿದ ಮೇಲೂ ಒಂದು ಕಡೆ ಬಾಯಿ ಬಿಟ್ಟುಕೊಂಡೇ ಇತ್ತು, ಬಟ್ಟೆ ಕಟ್ಟಿದಷ್ಟೂ ಒದ್ದೆಯಾಗುತ್ತಿತ್ತು. ಸಕ್ಕರೆ ಕಾಯಿಲೆ ಇಲ್ಲ, ಮತ್ತೇನೂ ಇಲ್ಲ, ರಕ್ತದಲ್ಲಿ ಪ್ರೋಟೀನೇ ಇಲ್ಲ ನೋಡಿ ಎಂದು ಡಾಕ್ಟರು ಚೀಟಿಯ ಮೇಲೆ ಗೆರೆ ಎಳೆದು ತೋರಿಸಿದ್ದರು. ಗೋಡೆ ಕಟ್ಟೋಕೆ ಇಟ್ಟಿಗೆ ಬೇಡವೇ ಎಂದು ಕೇಳಿದ್ದರು. ಮೊಟ್ಟೆ ಕೊಡಿ ಎಂದಾಗ ಶಿವರುದ್ರಮ್ಮ ಕೊರಳಿನ ಲಿಂಗದ ಕರಡಿಗೆಯ ಮೇಲೆ ಕೈಯಿಟ್ಟು ಮುಖ ತಿರುಗಿಸಿದ್ದರು. ಹಾಗಾದರೆ ಕಾಳು, ಬೇಳೆ, ಹಾಲು, ಏನಾದರೂ ಚೆನ್ನಾಗಿ ಕೊಡಿ. ಹಂಗೂ ಮಾಯದಿದ್ದರೆ ಇನ್ನೊಂದು ಸಲ ಕುಯ್ದು ಒಳಗೆಲ್ಲ ತೊಳೆಯಬೇಕಾಗುತ್ತೆ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಮನೆಗೆ ಬಂದು ಮಂಚದ ಮೇಲೆ ಕೂತ ಶಿವರುದ್ರಮ್ಮ ಯಾರ ಮುಖವನ್ನೂ ನೋಡದೆ ಒಂದೇ ಮಾತು ಹೇಳಿದರು. "ಇನ್ನೊಂದು ಕಿತ ಆ ಮೇಜಿನ ಮೇಲೆ ನನ್ನ ಮಲಗಿಸಬ್ಯಾಡಿ. ಎದ್ ಬರಾಕಿಲ್ಲ ನಾನು."

ಅವರು ಸುಮ್ಮಸುಮ್ಮನೆ ಹೆದರುವ ಹೆಂಗಸಲ್ಲ. ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಕಾವಿನಲ್ಲಿ ಗಂಡಸರ ಸಮ ನಿಂತು ಬೆಂಕಿ ನೋಡಿಕೊಂಡವರು. ಅವರ ದನಿ ನಡುಗಿದ್ದನ್ನು ಪುಷ್ಪಾ ಅಂದೇ ಮೊದಲು ಕೇಳಿದ್ದು. ಆ ನಡುಕ ಅವಳ ಎದೆಯಲ್ಲಿ ಹಾಗೇ ಉಳಿದುಬಿಟ್ಟಿತು.

ಪುಷ್ಪಾ ಕೊಪ್ಪದ ಹತ್ತಿರದ ಹಳ್ಳಿಯವಳು. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಮದುವೆಯಾಗಿ ಬಂದ ಹೊಸತರಲ್ಲಿ ಶಿವರುದ್ರಮ್ಮ ಅಕ್ಕಪಕ್ಕದವರಿಗೆ, ನಮ್ ಸೊಸೆ ಬಾಯಿಗೆ ಬೀಗ ಹಾಕ್ಕಂಡೇ ಬಂದವ್ಳೆ, ಬೀಗದಕೈ ತವರಲ್ಲೇ ಬುಟ್ಟವ್ಳೆ ಎಂದು ನಗಾಡುತ್ತಿದ್ದರು. ಮಾತಿಲ್ಲದವರಿಗೆ ಕಣ್ಣು ಜಾಸ್ತಿ ಎನ್ನುತ್ತಾರಲ್ಲ, ಹಾಗೆ ಅವಳು. ಹೇಳಬೇಕಾದ್ದನ್ನೆಲ್ಲ ಕೈಯಲ್ಲೇ ಹೇಳುವ ಅಭ್ಯಾಸ ಅವಳಿಗೆ. ಈಗಲೂ ಹಾಗೇ ಮಾಡಿದಳು.

ಮಗ ಮಲ್ಲೇಶ್ ಮೊದಲು ಒಂದು ಡಬ್ಬಿ ಪ್ರೋಟೀನ್ ಪುಡಿ ತಂದ. ಬಿಸ್ಕತ್ತಿನ ವಾಸನೆಯ ಆ ಪುಡಿಯನ್ನು ಹಾಲಿಗೆ ಕಲಸಿ ಕೊಟ್ಟರೆ ಶಿವರುದ್ರಮ್ಮನವರಿಗೆ ಹೊಟ್ಟೆ ಕೆಟ್ಟಿತು. ಡಬ್ಬಿ ದಿನದಿಂದ ದಿನಕ್ಕೆ ಖಾಲಿಯಾಗುವುದನ್ನು ನೋಡಿ, ಅವ್ವಂಗೆ ಒಗ್ತಾ ಅದೆ ಎಂದು ಮಲ್ಲೇಶ್ ಹಿಗ್ಗಿದ. ಶಿವರುದ್ರಮ್ಮ ಅದನ್ನು ಗುಟ್ಟಾಗಿ ಕರುವಿಗೆ ಕಲಸಿಟ್ಟ ಬೂಸಾಕ್ಕೆ ಸುರಿಯುತ್ತಿದ್ದುದು ಗೊತ್ತಾದಾಗ ಕರುವಿನ ಮೈ ಮಿರಿಮಿರಿ ಮಿಂಚುತ್ತಿತ್ತು. ಪುಷ್ಪಾಳ ತವರಿನವರು ಕೊಪ್ಪದ ಅಂಗಡಿಯಿಂದ ಸೋಯಾ ಪನೀರು ತಂದುಕೊಟ್ಟರು. ಒಂದು ತುಂಡು ಬಾಯಿಗಿಟ್ಟ ಶಿವರುದ್ರಮ್ಮ, ಸೋಪು ಅಗಿದಂಗದೆ ಎಂದು ತಟ್ಟೆ ಸರಿಸಿದರು.

ಇವೆಲ್ಲ ಆಗದ ಕೆಲಸ, ನಾಲಿಗೆಗೆ ಗೊತ್ತಿರುವ ರುಚಿಯೊಳಗೇ ದಾರಿ ಹುಡುಕಬೇಕು ಎಂದು ಪುಷ್ಪಾಳಿಗೆ ಅನ್ನಿಸಿತು. ಹೆಸರುಕಾಳನ್ನು ಮೊಳಕೆ ಕಟ್ಟಿದಳು. ಅಲಸಂದೆಗೆ ನುಗ್ಗೆಸೊಪ್ಪು ಬೆರೆಸಿ ಬಸ್ಸಾರು ಮಾಡಿದಳು. ಕಾಳಿನ ಹಸಿ ವಾಸನೆ ಹೋಗಲೆಂದು ಈರುಳ್ಳಿ, ಬೆಳ್ಳುಳ್ಳಿಯನ್ನು ಕೆಂಡದಲ್ಲಿ ಸುಟ್ಟು ರುಬ್ಬಿದಳು. ಹುಚ್ಚೆಳ್ಳು ಹುರಿದು, ಒಣಮೆಣಸಿನಕಾಯಿ, ಹುಣಸೆಹಣ್ಣು ಸೇರಿಸಿ ಕುಟ್ಟಿದ ಪುಡಿಯನ್ನು ಮುದ್ದೆಯ ಪಕ್ಕಕ್ಕಿಟ್ಟಳು. ಅವರೆಕಾಯಿ ಸೊಗಡು ಬಂದ ಕಾಲಕ್ಕೆ ಕಾಳು ನೆನೆಸಿ, ಬೆರಳ ತುದಿ ಸುಕ್ಕಾಗುವವರೆಗೆ ಹಿತಕಿ, ಹಿತಕಿದ ಬೇಳೆ ಸಾರು ಕಾಯಿಸಿದಳು. ಮನೆಯೆಲ್ಲ ಘಮ್ಮೆಂದಿತು. ಮಲ್ಲೇಶ್ ಎರಡನೇ ಮುದ್ದೆ ಕೇಳಿದ. ಮಾವ ಕಂಠಪ್ಪ ಬೆರಳು ನೆಕ್ಕುತ್ತ, ಸೊಸೆ ಕೈಗೆ ಏನೋ ಬಂದದೆ ಎಂದರು. ಅಪ್ಪ ಮಗ ಇಬ್ಬರ ಕೆನ್ನೆಗಳೂ ತುಂಬಿಕೊಂಡವು.

ಶಿವರುದ್ರಮ್ಮನವರ ಗಾಯ ಮಾತ್ರ ಹೇಗಿತ್ತೋ ಹಾಗೇ ಇತ್ತು.

ಮತ್ತೆ ಮೈಸೂರಿಗೆ ಹೋದಾಗ ಡಾಕ್ಟರು ಬ್ಯಾಂಡೇಜು ಬಿಚ್ಚಿ ನೋಡಿ ತಲೆಯಾಡಿಸಿದರು. ಏನು ತಿನ್ನಿಸುತ್ತಿದ್ದೀರಿ ಎಂದು ಕೇಳಿದರು. ಮಲ್ಲೇಶ್ ಹೆಮ್ಮೆಯಿಂದ ಒಂದೊಂದನ್ನೇ ಹೇಳಿದ, ಪುಷ್ಪಾ ಮಾಡಿದ್ದನ್ನೆಲ್ಲ. ಡಾಕ್ಟರು ಕೇಳಿಸಿಕೊಂಡು, ಇಷ್ಟೆಲ್ಲ ತಿಂದರೆ ಅದು ಹೋಗುವುದಾದರೂ ಎಲ್ಲಿಗೆ ಎಂದರು. ಮುಂದಿನ ಸಲ ಬರುವಾಗ ಆಸ್ಪತ್ರೆಗೆ ಸೇರಿಕೊಳ್ಳುವ ಹಾಗೆ ಬನ್ನಿ ಎಂದೂ ಹೇಳಿದರು. ಶಿವರುದ್ರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕೂತಿದ್ದರು. ಹೋಗುವುದಾದರೂ ಎಲ್ಲಿಗೆ ಎಂಬ ಮಾತು ಪುಷ್ಪಾಳ ತಲೆಯೊಳಗೆ ವಾಪಸು ಬರುವ ದಾರಿಯುದ್ದಕ್ಕೂ ಸುತ್ತಿತು.

ಮಾರನೇ ದಿನ ಮಧ್ಯಾಹ್ನ ಅವಳು ತಟ್ಟೆ ಹಿಡಿಯುವಾಗ ಅತ್ತೆಯ ಮುಖ ನೋಡಲಿಲ್ಲ, ಕೈ ನೋಡಿದಳು.

ಮೊದಲು ಮಾವನ ತಟ್ಟೆ. ಸೌಟು ಪಾತ್ರೆಯ ತಳಕ್ಕೆ ಇಳಿಯಿತು, ಒಂದು ಸುತ್ತು ತಿರುಗಿತು, ಕಾಳು ತುಂಬಿಕೊಂಡು ಭಾರವಾಗಿ ಮೇಲೆ ಬಂತು. ಗಂಡನ ತಟ್ಟೆಗೂ ಹಾಗೇ. ಅವರಿಬ್ಬರ ತಟ್ಟೆಗಳನ್ನು ಪಡಸಾಲೆಗೆ ಕೊಟ್ಟು ಬಂದು ಪುಷ್ಪಾ ತನ್ನ ತಟ್ಟೆ ಹಿಡಿದಳು. ಸೌಟು ಅರ್ಧಕ್ಕೆ ಇಳಿದು ಮೇಲೆದ್ದಿತು. ಕೊನೆಗೆ ಅತ್ತೆ ತಮಗೆ ಬಡಿಸಿಕೊಂಡರು. ಆಗ ಸೌಟು ಒಳಗೆ ಇಳಿಯಲೇ ಇಲ್ಲ. ಸಾರಿನ ಮೇಲೆ ಹಾಗೆ ಸವರಿಕೊಂಡು ಹೋಗಿ, ಸಿಕ್ಕ ನಾಲ್ಕು ಕಾಳನ್ನೂ ಪಾತ್ರೆಯ ಅಂಚಿಗೆ ತಾಗಿಸಿ ಒಳಕ್ಕೇ ಜಾರಿಸಿ, ಬರೀ ತಿಳಿಯನ್ನು ತಂದು ಮುದ್ದೆಯ ಮೇಲೆ ಸುರಿಯಿತು. ಪಾತ್ರೆಯ ತಳದಲ್ಲಿ ಇನ್ನೂ ಬೇಕಾದಷ್ಟು ಕಾಳಿತ್ತು. ಶಿವರುದ್ರಮ್ಮ ಮುಚ್ಚಳ ಮುಚ್ಚಿ, ರಾತ್ರಿಗೆ ಅವರಿಗಾಯ್ತದೆ ಎಂದು ಪಕ್ಕಕ್ಕಿಟ್ಟರು.

ಪುಷ್ಪಾಳಿಗೆ ಬೆರಗಾದದ್ದು ಅತ್ತೆಯ ಕೈ ಕಂಡಲ್ಲ. ಇಷ್ಟು ದಿನ ಎದುರಿಗೇ ನಡೆದದ್ದು ತನಗೆ ಕಾಣಲಿಲ್ಲವಲ್ಲ ಎಂದು. ತವರಿನಲ್ಲಿ ಅವಳ ಅವ್ವನ ಕೈಯೂ ಹೀಗೇ ಆಡುತ್ತಿತ್ತು. ಅತ್ತೆ ಆಸ್ಪತ್ರೆಯಲ್ಲಿದ್ದಾಗ ತಾನೇ ಬಡಿಸಿದ್ದಳಲ್ಲ, ಆಗ ತನ್ನ ತಟ್ಟೆಗೆ ಬಿದ್ದದ್ದೂ ತಿಳಿಯೇ. ಹೀಗೆ ಮಾಡು ಎಂದು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಕೈ ತಾನಾಗಿ ಕಲಿತಿತ್ತು.

ರಾತ್ರಿ ಊಟಕ್ಕೆ ಅವಳೊಂದು ಉಪಾಯ ಮಾಡಿದಳು. ಅತ್ತೆಯ ತಟ್ಟೆಗೆ ಮೊದಲೇ ಕಾಳು ಹಾಕಿ, ಮೇಲೆ ಮುದ್ದೆ ಇಟ್ಟು ಮುಚ್ಚಿದಳು. ಶಿವರುದ್ರಮ್ಮ ಮುದ್ದೆ ಮುರಿದರು, ಕಾಳು ಕಂಡಿತು. ಅದನ್ನು ಒಂದೂ ಬಿಡದ ಹಾಗೆ ಬಳಿದು ಪಾತ್ರೆಗೆ ಹಾಕಿದರು. ಬಯ್ಯಲಿಲ್ಲ.

"ಗೇಯೋರ್ಗೆ ಕಾಳು ಕಣವ್ವ," ಎಂದರು. "ಕುಂತಿರೋಳ್ಗೆ ಯಾಕೆ? ನೀರೇ ಸಾಕು."

ಪುಷ್ಪಾ ಪಾತ್ರೆಗೆ ಮುಚ್ಚಳ ಮುಚ್ಚಿದಳು. ಗಂಡನಿಗೆ ಹೇಳೋಣವೆಂದರೆ ಅವನು ಅವ್ವನ ಮೇಲೆ ಕೂಗಾಡುತ್ತಾನೆ. ಕೂಗಾಡಿದರೆ ಅವರು ಊಟವನ್ನೇ ಬಿಡುತ್ತಾರೆ. ಅದೂ ಅವಳಿಗೆ ಗೊತ್ತಿತ್ತು.

ಎರಡು ದಿನ ಬಿಟ್ಟು ಮನೆಯಲ್ಲಿ ಹುರುಳಿ ಬೇಯಿಸಿದರು. ಹುರುಳಿ ಬೇಯಿಸಿದ ದಿನ ಆ ಮನೆಯಲ್ಲಿ, ಆ ಸೀಮೆಯ ಎಷ್ಟೋ ಮನೆಗಳಲ್ಲಿ, ನಡೆಯುವುದು ಒಂದೇ ಕ್ರಮ. ಬೆಂದ ಕಾಳಿನ ನೀರು, ಅದೇ ಕಟ್ಟು, ಬಸಿದು, ಆ ಕಟ್ಟಿಗೆ ಖಾರ ರುಬ್ಬಿ ಹಾಕಿ ಜನಕ್ಕೆ ಸಾರು. ಬಸಿದು ಉಳಿದ ಕಾಳು ಎತ್ತುಗಳಿಗೆ. ಸಂಜೆ ಪುಷ್ಪಾ ಕಾಳಿನ ಬೋಸಿ ಹೊತ್ತು ಕೊಟ್ಟಿಗೆಗೆ ಹೋದಳು. ಕಂಠಪ್ಪ ಎತ್ತಿನ ಕೊರಳಡಿಯ ಗಂಗೆದೊಗಲು ಸವರುತ್ತ ನಿಂತಿದ್ದರು. ಊರಲ್ಲಿ ಟ್ರ್ಯಾಕ್ಟರು ಬಂದು ಎಷ್ಟೋ ಕಾಲವಾದರೂ ಜೋಡಿ ಎತ್ತು ಬಿಡದವರು ಅವರು. ಬೋಸಿ ಕೈಗೆ ತಗೊಂಡು, ಬಲಗಡೆಯ ಎತ್ತಿಗೆ ಮೊದಲು ಹಾಕಿ, ಎಂದಿನಂತೆ ಅದರ ಕತೆ ತೆಗೆದರು. ಹೋದ ಮಳೆಗಾಲ ಹೊಗೆಸೊಪ್ಪಿನ ಹೊಲದ ಕೆಸರಿನಲ್ಲಿ ಇದರ ಕಾಲು ಉಳುಕಿ ಮುರಿದೇ ಹೋಯಿತು ಎನ್ನುವಂತಾಗಿತ್ತು. ಕಟುಕರಿಗೆ ಕೊಟ್ಟುಬಿಡು ಎಂದವರೇ ಎಲ್ಲ. ತಾವು ಕೊಡಲಿಲ್ಲ. ನೊಗ ಬಿಚ್ಚಿ ಮನೆಯಲ್ಲೇ ಕಟ್ಟಿ, ಗೇಯುವ ಎತ್ತಿಗೆ ಹಾಕುವುದಕ್ಕಿಂತ ಒಂದು ಪಾಲು ಹೆಚ್ಚೇ ಹುರುಳಿ ಹಾಕಿದರು. ಈಗ ನೋಡು ಎಂದು ಅದರ ತೊಡೆ ತಟ್ಟಿದರು.

ಈ ಕತೆಯನ್ನು ಪುಷ್ಪಾ ಎಷ್ಟು ಸಲ ಕೇಳಿದ್ದಳೋ. ತಲೆ ತಗ್ಗಿಸಿ ಕೇಳಿ, ಖಾಲಿ ಬೋಸಿ ತಗೊಂಡು ಹೋಗುವುದು ರೂಢಿ. ಅಂದು ಹೋಗಲಿಲ್ಲ. ಬೋಸಿಯಲ್ಲಿ ಇನ್ನೂ ಅರ್ಧ ಕಾಳಿತ್ತು. ಅದನ್ನೇ ನೋಡುತ್ತ, ತನ್ನ ದನಿ ತನಗೇ ಕೇಳಿಸದಷ್ಟು ಮೆಲ್ಲಗೆ ಹೇಳಿದಳು.

"ಮಾವ, ಕಾಲು ಮುರಿದಾಗ ಎತ್ತಿಗೆ ಕಾಳು ಹಾಕುದ್ರಿ. ಅತ್ತೆಗೆ ಕಟ್ಟು ಕೊಡ್ತಾ ಇದೀವಿ."

ಕಂಠಪ್ಪನವರ ಕೈ ಎತ್ತಿನ ಬೆನ್ನ ಮೇಲೆ ನಿಂತಿತು. ಅವರು ಏನಾದರೂ ಹೇಳುವರೆಂದು ಕಾಯುವ ಧೈರ್ಯ ಅವಳಿಗಿರಲಿಲ್ಲ. ಬೋಸಿಯನ್ನು ಅಲ್ಲೇ ಬಿಟ್ಟು ಒಳಕ್ಕೆ ಬಂದುಬಿಟ್ಟಳು. ಒಲೆಗೆ ಸೌದೆ ಮುಂದಕ್ಕೆ ತಳ್ಳಿದಳು. ಮಾವನ ಎದುರು ಎತ್ತಿನ ಜೊತೆಗೆ ಅತ್ತೆಯನ್ನು ತೂಗಿದೆನಲ್ಲ, ನಾಲಿಗೆ ಸೇದಿಹೋಗಬಾರದೇ ಎಂದುಕೊಂಡಳು.

ದೀಪ ಹಚ್ಚುವ ಹೊತ್ತಿಗೆ ಕಂಠಪ್ಪ ಅಡುಗೆಮನೆಯ ಬಾಗಿಲಿಗೆ ಬಂದರು. ಆ ಹೊಸ್ತಿಲು ದಾಟಿ ಅವರು ಒಳಗೆ ಬಂದದ್ದನ್ನು ಪುಷ್ಪಾ ಎಂದೂ ಕಂಡಿರಲಿಲ್ಲ. ಕೈಯಲ್ಲಿ ಅದೇ ಬೋಸಿ. ತಂದು ಒಲೆ ಕಟ್ಟೆಯ ಮೇಲಿಟ್ಟು, ಇದಕ್ಕೊಂದು ಒಗ್ಗರಣೆ ಹಾಕವ್ವ ಎಂದರು. ಕುರ್ಚಿಯಲ್ಲಿ ಸೌಟು ಹಿಡಿದು ಕೂತಿದ್ದ ಶಿವರುದ್ರಮ್ಮ ಗಂಡನನ್ನೂ ಬೋಸಿಯನ್ನೂ ನೋಡಿದರು.

"ಎತ್ತಿನ ಪಾಲು ಯಾಕೆ ಒಳಕ್ ಬಂತು?"

"ಎತ್ತಿನ ಪಾಲಲ್ಲ. ಕಾಲು ಮುರ್ಕೊಂಡೋರ ಪಾಲು."

"ನಾನೇನು ನಾಳೀಕೆ ನೊಗ ಹೊರಬೇಕಾ?"

"ಬ್ಯಾಡ. ಎದ್ದು ಓಡಾಡ್ಕಂಡು ನನ್ನ ಬಯ್ತಾ ಇದ್ರೆ ಸಾಕು," ಎಂದು ಕಂಠಪ್ಪ ಅಲ್ಲೇ ನೆಲದ ಮೇಲೆ ಕೂತರು. ಆಮೇಲೆ ಸ್ವಲ್ಪ ತಡೆದು, "ಆ ಎತ್ತೇ ವಾಸಿ ಕಣಮ್ಮಿ. ಹಾಕಿದ್ದ ತಿಂತಿತ್ತು. ನಿನ್ನಂಗೆ ಲಾಯರ್‌ಗಿರಿ ಮಾಡ್ತಿರಲಿಲ್ಲ," ಎಂದರು.

ಪುಷ್ಪಾ ಅವರಿಬ್ಬರಿಗೂ ಬೆನ್ನು ಮಾಡಿ ಬಾಣಲೆ ಇಟ್ಟಳು. ಸಾಸಿವೆ ಚಟಪಟಿಸಿತು. ಜಜ್ಜಿದ ಬೆಳ್ಳುಳ್ಳಿಯನ್ನು ಕೆಂಪಗಾಗುವವರೆಗೂ ಬಿಟ್ಟಳು, ಕರಿಬೇವು, ಮುರಿದ ಒಣಮೆಣಸಿನಕಾಯಿ ಹಾಕಿದಳು. ಹುರುಳಿಯನ್ನು ಹಾಕಿ ಸೌದೆ ಹಿಂದಕ್ಕೆಳೆದು, ಸೌಟಿನ ಬೆನ್ನಿನಿಂದ ಅರೆಬರೆ ಹಿಸುಕಿ, ಹಸಿ ಕಾಯಿತುರಿ ಉದುರಿಸಿದಳು. ತಟ್ಟೆಗೆ ಹಾಕಿ ಅತ್ತೆಯ ಮುಂದೆ ಹಿಡಿದಳು. ಶಿವರುದ್ರಮ್ಮ ಗಂಡನ ಕಡೆ ನೋಡಿದರು, ಅವರು ಏಳುವ ಹಾಗೆ ಕಾಣಲಿಲ್ಲ. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು.

"ಉಪ್ಪು ಒಂಚೂರು ಮುಂದೆ," ಎಂದರು. ಆದರೂ ತಟ್ಟೆಯಲ್ಲಿ ಒಂದು ಕಾಳೂ ಬಿಡಲಿಲ್ಲ.

ಕಂಠಪ್ಪ ಅಂದಿನಿಂದ ಊಟಕ್ಕೆ ಪಡಸಾಲೆಯಲ್ಲಿ ಕೂರಲಿಲ್ಲ. ಅಡುಗೆಮನೆಯಲ್ಲಿ ಹೆಂಡತಿಯ ಕುರ್ಚಿಯ ಎದುರು ಕೂತು, ಸೌಟು ತಳ ಮುಟ್ಟುತ್ತದೋ ಇಲ್ಲವೋ ನೋಡುತ್ತ ಉಂಡರು. ಎತ್ತುಗಳಿಗೆಂದು ಹುರುಳಿಯನ್ನು ಬೇರೆ ಹಂಡೆಯಲ್ಲಿ ಬೇಯಿಸುವುದಾಯಿತು. ಇಷ್ಟಾದರೂ ಕೈ ಒಂದೇ ದಿನಕ್ಕೆ ಕಲಿತದ್ದನ್ನು ಬಿಡುತ್ತದೆಯೇ? ಎಷ್ಟೋ ಸಲ ಶಿವರುದ್ರಮ್ಮನವರ ಸೌಟು ತನಗೆ ತಾನೇ ತಿಳಿಯ ಮೇಲೆ ಸವರಲು ಹೋಗುತ್ತಿತ್ತು. ಕಂಠಪ್ಪ ಕೆಮ್ಮುತ್ತಿದ್ದರು. ಸೌಟು ಕೆಳಕ್ಕೆ ಇಳಿಯುತ್ತಿತ್ತು.

ಸೇರಿಕೊಳ್ಳಲು ಬನ್ನಿ ಎಂದ ದಿನ ಬಟ್ಟೆಬರೆಯ ಚೀಲ ಕಟ್ಟಿಕೊಂಡೇ ಮೈಸೂರಿಗೆ ಹೋದರು. ಡಾಕ್ಟರು ಪಟ್ಟಿ ಬಿಚ್ಚಿದರು. ಪಟ್ಟಿ ಒಣಗಿತ್ತು. ಗಾಯದ ಅಂಚು ತಿಳಿಗೆಂಪಾಗಿ ಒಳಕ್ಕೆ ಸೇರುತ್ತ ಬಂದಿತ್ತು. ಇನ್ನೂ ಪೂರ್ತಿ ಮಾಗಿಲ್ಲ, ಆದರೆ ಕುಯ್ಯುವುದೇನೂ ಬೇಕಿಲ್ಲ, ಕೊಡುತ್ತಿರುವುದನ್ನೇ ಕೊಡಿ ಎಂದು ಅವರು ಕೈ ತೊಳೆಯಲು ಎದ್ದರು. ಶಿವರುದ್ರಮ್ಮ ಎದುರಿನ ಗೋಡೆ ನೋಡುತ್ತ ಕೂತಿದ್ದರು. ಪಕ್ಕದಲ್ಲಿ ನಿಂತಿದ್ದ ಪುಷ್ಪಾಳ ಮುಂಗೈಯನ್ನು ಅವರು ಹಿಡಿದುಕೊಂಡಿದ್ದರು. ಕಾರು ಹತ್ತುವವರೆಗೂ ಬಿಡಲಿಲ್ಲ.

ಮನೆ ಸೇರಿದಾಗ ಊಟದ ಹೊತ್ತು ಮೀರಿತ್ತು. ಬೆಳಿಗ್ಗೆ ಮಾಡಿಟ್ಟುಹೋಗಿದ್ದ ಅವರೆಕಾಳು ಸಾರನ್ನು ಪುಷ್ಪಾ ಬಿಸಿ ಮಾಡಿ ಸ್ಟೂಲಿನ ಮೇಲಿಟ್ಟಳು. ಶಿವರುದ್ರಮ್ಮ ಬಡಿಸಿದರು. ಪಡಸಾಲೆಯಿಂದ ಮಲ್ಲೇಶ್, ಅವ್ವ, ಇವತ್ತು ಕಾಳೆಲ್ಲ ಎಲ್ಲೋದ್ವು, ಬರೀ ನೀರು ಬಂದದೆ ಎಂದು ಕೂಗಿದ. ಕಂಠಪ್ಪ ತಮ್ಮ ತಟ್ಟೆ ನೋಡಿಕೊಂಡರು. ಅಲ್ಲೂ ಹೆಚ್ಚೇನಿರಲಿಲ್ಲ. ಸುಮ್ನೆ ಉಣ್ಲಾ ಎಂದು ಮಗನಿಗೆ ಹೇಳಿ ಮುದ್ದೆ ಮುರಿದರು.

ಶಿವರುದ್ರಮ್ಮ ಕೈ ಚಾಚಿದರು. "ನಿನ್ ತಟ್ಟೆ ತತ್ತಾ."

ಪುಷ್ಪಾ ಹಿಡಿದಳು. ಸೌಟು ಪಾತ್ರೆಯ ತಳಕ್ಕೆ ತಾಗಿ ಸದ್ದಾಯಿತು, ಕಾಳು ತುಂಬಿಕೊಂಡು ಮೇಲೆ ಬಂತು.