ಹೆಸರು ಹೇಳಿಟ್ಟ ಗುಡಾಣ

ಸಾವಿತ್ರವ್ವ ಉಗ್ರಾಣಕ್ಕೆ ಬರುವಷ್ಟರಲ್ಲಿ ಗಂಡ ನಾಗಪ್ಪ ಒಂದು ಗುಡಾಣದ ಭತ್ತವನ್ನು ಇನ್ನೊಂದಕ್ಕೆ ಸುರಿದು, ಬರಿದಾದದ್ದರ ಬಾಯನ್ನು ಒರೆಸುತ್ತಿದ್ದ.

“ಏನ್ ಮಾಡಿದ್ರಿ?”

“ಮಣ್ಣಿಗೆ ಹೋಗಿ ಬಂದೋರಿಗೆ ಮಜ್ಜಿಗಿ ಬೇಕಲ್ಲ. ಇಷ್ಟು ದೊಡ್ಡದು ಬ್ಯಾರೆ ಎಲ್ಲೈತಿ?”

“ಅವು ಬಿತ್ತೋ ಬೀಜ! ಒಂದು ದಿಬ್ಬದ ಗದ್ದಿಗೆ, ಒಂದು ಕೆರಿ ಕೆಳಗಿನ ಗದ್ದಿಗೆ!”

“ಎರಡೂ ಭತ್ತಾನ ಅಲ್ಲೇನ? ಸತ್ತ ಮನಿಯಾಗ ಕೂಗಬ್ಯಾಡ.”

ಪಡಸಾಲೆಯಲ್ಲಿ, ತೀರಿಕೊಂಡ ಅತ್ತೆ ಪಾರ್ವತವ್ವನನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆತುಂಬ ವಿಭೂತಿ ಬಳಿದಿದ್ದರು. ಬನವಾಸಿಯ ಅರ್ಧ ಊರು ಅಲ್ಲಿ ನೆರೆದಿತ್ತು. ಎದ್ದು ಬಂದು ಮಗನ ಕೈ ಹಿಡಿದು ತಡೆಯಲು ಅತ್ತೆಗೆ ಇನ್ನು ಆಗದು; ಅದನ್ನು ನೋಡಿಕೊಂಡೇ ಈ ಮಹಾನುಭಾವ ಕೈ ಹಾಕಿದ್ದ.

*

ಏಕೀಕರಣದ ವರ್ಷ ಸೊಸೆಯಾಗಿ ಬಂದ ಹೊಸತರಲ್ಲಿ ಸಾವಿತ್ರವ್ವ ಖಾಲಿ ಗುಡಾಣವೊಂದಕ್ಕೆ ತೊಗರಿ ತುಂಬಿದ್ದಳು. ಪಾರ್ವತವ್ವ ಅಷ್ಟನ್ನೂ ಹೊರಗೆ ತೆಗೆಸಿದ್ದಳು.

“ಅದು ಉದ್ದಿಂದು.”

“ಅದರಾಗ ಏನೂ ಇರಲಿಲ್ಲಲ್ರಿ ಅತ್ತೀ.”

“ಬರಿದಿದ್ರೂ ಉದ್ದಿಂದs. ಏನ್ ತುಂಬೂದು ಅಂತ ಮೊದಲು ಹೇಳಬೇಕು, ಆಮ್ಯಾಲೆ ತುಂಬಬೇಕು. ಹೇಳಿದ ಮ್ಯಾಲೆ ಬ್ಯಾರೇದು ಹಾಕಬಾರದು.”

ಪ್ರತಿ ಯುಗಾದಿಯ ಮರುದಿನ ಅವಳು ಗುಡಾಣಗಳನ್ನು ಬಿಸಿಲಿಗಿಟ್ಟು, ಕುತ್ತಿಗೆಗೆ ಸುಣ್ಣದ ಗುರುತು ಹಾಕಿ, ಇದು ಇಂಥದ್ದಕ್ಕೆ ಎಂದು ಮನೆಮಂದಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. “ಹೆಸರಿಟ್ಟಾತಲ್ಲ, ತೊಟ್ಲಾನೂ ಕಟ್ಟಬೇ ಯವ್ವಾ,” ಎಂದು ನಾಗಪ್ಪ ನಗುತ್ತಿದ್ದ. ನಗದೆ ಏನು, ಹೊಟ್ಟೆ ತುಂಬಿತ್ತಲ್ಲ! ತವರಿಂದ ತಂದ ಎರಡು ಭತ್ತದ ತಳಿಗಳನ್ನು ಕೆಡದಂತೆ ಕಾದದ್ದೇ ಆ ವಿಧವೆಯ ಬದುಕಾಗಿತ್ತು. ಊರಲ್ಲಿ ಯಾರೂ ಅದನ್ನು ಕೆಲಸವೆಂದು ಕರೆಯಲಿಲ್ಲ.

*

ಮಣ್ಣು ಮುಗಿಸಿ ಬಂದ ಜನ ಜಗಲಿಯ ಮೇಲೆ ಕೂತರು. ಮಜ್ಜಿಗೆ ಬರಲಿಲ್ಲ. ಸಾವಿತ್ರವ್ವ ಬುಟ್ಟಿಬುಟ್ಟಿಯಾಗಿ ಭತ್ತ ತಂದು ಅಂಗಳದಲ್ಲಿ ಸುರಿದಳು.

“ಇದೇನವ್ವಾ?” ನೆರೆಮನೆಯ ಗುರುಶಾಂತವ್ವ ಕೇಳಿದಳು.

“ಎರಡೂ ಬೀಜ ಕೂಡಿಸ್ಯಾರ, ಇವರು.”

“ಹೋಗ್ಲಿ ಬಿಡ, ಕೂಡಿಸೇ ಬಿತ್ತೂಣು,” ಎಂದ ನಾಗಪ್ಪ.

“ಒಂದು ಹಣ್ಣಾಗಿ ಉದುರೂ ಹೊತ್ತಿಗೆ ಇನ್ನೊಂದು ಹಾಲುಗಾಳು. ಯಾವುದಕ್ಕ ಕುಡಗೋಲು ಹಾಕ್ತೀರಿ?”

ಗುರುಶಾಂತವ್ವ ಕುಕ್ಕರುಗಾಲಲ್ಲಿ ಕೂತು ಒಂದು ಹಿಡಿ ಎತ್ತಿ ಕಣ್ಣಿನ ಹತ್ತಿರ ಹಿಡಿದಳು. “ಆರಿಸಾಕೂ ಬರೂದಿಲ್ಲವ್ವಾ. ಎರಡೂ ಒಂದs ಥರ ಅದಾವು.”

“ಅದಕ್ಕs ಅತ್ತಿ ಹೇಳಿಡ್ತಿದ್ರು.” ಸಾವಿತ್ರವ್ವ ಒನಕೆ ತಂದು ಗಂಡನ ಮುಂದೆ ಹಿಡಿದಳು. “ಬೀಜಂತೂ ಹೋತು. ಇನ್ನ ಇದು ಬರೇ ಅಕ್ಕಿ. ಕುಟ್ರಿ.”

“ಗಣಮಗ ನಾನು ಕುಟ್ಟೂದಾ? ಗಿರಣಿಗೆ ಕಳಸೂಣಲ್ಲ.”

“ಕುಟ್ರಿ. ನಿಮ್ಮವ್ವನ ಇಡೀ ಜಲ್ಮ ಐತಿ ಇದು.”

ಗುರುಶಾಂತವ್ವ ಎದ್ದು ತನ್ನ ಹಿಡಿಯಲ್ಲಿದ್ದ ಭತ್ತವನ್ನು ಅಂಗಳದ ಒರಳಿಗೆ ಸುರಿದಳು. ನಾಗಪ್ಪ ಒನಕೆ ಎತ್ತಿದ. ಹೊಟ್ಟು ಹಾರಿ ಬೆವರಿದ ಹಣೆಯ ವಿಭೂತಿಗೆ ಮೆತ್ತಿಕೊಳ್ಳುತ್ತಿತ್ತು. ಒರೆಸಿಕೊಳ್ಳಲು ಅವನು ಒನಕೆ ಕೆಳಗಿಡುವಂತಿರಲಿಲ್ಲ. ಸಾವಿತ್ರವ್ವ ಮೊರದ ತುಂಬ ಇನ್ನಷ್ಟು ತುಂಬಿಕೊಂಡು ಒರಳಿನ ಪಕ್ಕ ನಿಂತಿದ್ದಳು.