ಖಾಲಿ ಫೈಲಿಗೆ ಹೇಳಿದ ಮಾತು

ಹತ್ತು ಗಂಟೆಗೆ ಜೆಸಿಬಿ ಬರುವುದಿತ್ತು. ಇಚಿಲಂಪಾಡಿಯ ಮೂರು ಮನೆಗಳಿಗೆ ನೀರು ಕೊಡುವ ಸುರಂಗ ಗುಡ್ಡದೊಳಗೆ ಎತ್ತ ತಿರುಗಿದೆಯೆಂದು ಅಷ್ಟರೊಳಗೆ ಗೊತ್ತಾಗದಿದ್ದರೆ, ಪೈಪು ಹೂಳಲು ತೋಡುವ ಕಣಿ ಅದರ ನೆತ್ತಿಯ ಮೇಲೇ ಬೀಳಬಹುದು. ಒಮ್ಮೆ ಕುಸಿದ ಸುರಂಗಕ್ಕೆ ಮದ್ದಿಲ್ಲ. ಅದಕ್ಕೇ ಭವಿತಾ ನಿನ್ನೆ ಮಂಡಿಯೂರಿ ಒಳಹೊಕ್ಕು ಆರುನೂರು ಫೋಟೋ ತೆಗೆದು ತಂದಿದ್ದಳು. ಅವನ್ನು ಜೋಡಿಸಿ ನಕ್ಷೆ ಮಾಡಬೇಕಾದ ಅವಳ ಹಳೇ ಲ್ಯಾಪ್‌ಟಾಪ್ ಮಾತ್ರ ಮೆಮೊರಿ ಸಾಲದೆ ಅರ್ಧ ದಾರಿಯಲ್ಲಿ ಮೂರು ಸಲ ಕೈಕೊಟ್ಟಿತ್ತು.

“ಸುಮ್ಮನೆ ಯಾಕೆ ಒದ್ದಾಡುದು? ಸುರಂಗ ನೇರ ಉಂಟು. ತೋಡಿದವ ನಾನಲ್ವಾ?” ಎಂದರು ಜಗಲಿಯಲ್ಲಿ ಕೂತಿದ್ದ ಕುಕ್ಕಪ್ಪ, ಅವಳ ಸೋದರಮಾವ. ಕಣಿಗೆ ಗೂಟ ಹೊಡೆಸಿದವರೂ ಅವರೇ.

“ನೇರ ಇದ್ರೆ ಒಳ್ಳೇದೇ ಮಾವ. ಒಮ್ಮೆ ನೋಡುವ.”

ಮೆಮೊರಿ ತುಂಬಿ ಉಕ್ಕಿದ್ದನ್ನು ಇಳಿಸಿಡಲು ಡಿಸ್ಕಿನಲ್ಲಿ ಸ್ವಾಪ್ ಎಂಬ ಜಾಗ ಬೇಕು. ಅವಳ ಡಿಸ್ಕಿನದೋ ವಿಚಿತ್ರ ಗುಣ. ಏನು ತಿದ್ದಿದರೂ ಹಳೆಯದನ್ನು ಮುಟ್ಟದೆ, ಹೊಸದನ್ನು ಬೇರೆ ಕಡೆ ಬರೆಯುತ್ತದೆ. ಸ್ವಾಪ್‌ಗೆ ಅದು ಆಗಿಬರುವುದಿಲ್ಲ; ಆ ಒಂದು ಫೈಲಿಗೆ ಮಾತ್ರ ಇದ್ದಲ್ಲೇ ಬರೆಯೆಂದು ಅಪ್ಪಣೆ ಕೊಡಬೇಕು. ಭವಿತಾ ಕೊಟ್ಟಾಗಿತ್ತು. ಆದರೂ ಲ್ಯಾಪ್‌ಟಾಪ್ ಜಪ್ಪಯ್ಯ ಅನ್ನಲಿಲ್ಲ. ಗಂಟೆ ಒಂಬತ್ತಾದಾಗ ಅವಳಿಗೆ ಅಳುವೇ ಬಂತು.

ಆಗ ಹೊಳೆಯಿತು. ತುಂಡು ಹಗ್ಗವನ್ನೂ ಬಿಸಾಡದ ಮನೆಯಲ್ಲಿ ಬೆಳೆದವಳು ತಾನೇ? ಇದ್ದದ್ದೇ ಸಾಕೆಂದು, ಹಿಂದೆಂದೋ ಮಾಡಿಟ್ಟ ಎಂಟು ಜಿಬಿಯ ಫೈಲಿಗೇ ಅಪ್ಪಣೆ ಕೊಟ್ಟಿದ್ದಳು. ತುಂಬಿದ ಫೈಲಿಗೆ ಆ ಮಾತು ತಾಗುವುದಿಲ್ಲ, ಖಾಲಿ ಇರುವಾಗಲೇ ಹೇಳಬೇಕು. ಎಂಥ ಪೆದ್ದು ತಾನು! ಹಳೆಯದನ್ನು ಅಳಿಸಿ ಖಾಲಿ ಫೈಲು ಮಾಡಿದಳು. ಮೊದಲು ಅಪ್ಪಣೆ, ಆಮೇಲೆ ಎಂಟು ಜಿಬಿ. ಈ ಸಲ ಲ್ಯಾಪ್‌ಟಾಪ್ ತಕರಾರಿಲ್ಲದೆ ಒಪ್ಪಿತು.

ಜೆಸಿಬಿಯ ಅಬ್ದುಲ್ಲ ಬಂದು ಚಹಾ ಕುಡಿದು ಮುಗಿಸುವಾಗ ನಕ್ಷೆಯೂ ಮುಗಿಯಿತು. ಸುರಂಗ ನಡುವೆ ಎಡಕ್ಕೆ ತಿರುಗಿ, ಗೂಟಗಳ ಸಾಲಿನ ಅಡಿಗೇ ಹೋಗಿತ್ತು.

ಕುಕ್ಕಪ್ಪ ನಕ್ಷೆಯ ತಿರುವಿನ ಮೇಲೆ ಬೆರಳಿಟ್ಟು ನೋಡಿದರು. ಭವಿತಾಳಿಗೆ ಹೆದರಿಕೆಯಾಯಿತು. ಸುರಂಗ ನೇರವೆಂದು ನಲವತ್ತು ವರ್ಷ ಊರಿಡೀ ಹೇಳಿಕೊಂಡು ಬಂದವರಲ್ಲವೇ?

“ಅಲ್ಲೊಂದು ಬಂಡೆ ಸಿಕ್ಕಿತ್ತು ಮಗಾ, ಸುತ್ತು ಹಾಕಿದ್ದೆ. ಮತ್ತೆ ನೇರಕ್ಕೇ ಬಂದೆ ಅಂತ ಎಣಿಸಿದ್ದೆ. ಒಳಗೆ ಕತ್ತಲೆ ಅಲ್ವಾ?”

ಅವರು ಎದ್ದು ಗುಡ್ಡಕ್ಕೆ ನಡೆದರು; ಭವಿತಾ, ಅಬ್ದುಲ್ಲ ಹಿಂದೆಯೇ ಹೋದರು. ಬಗ್ಗಿ ಒಂದೊಂದೇ ಗೂಟ ಕಿತ್ತರು.

“ಇನ್ನು ಎಲ್ಲಿ ತೋಡುದು ಕುಕ್ಕಪ್ಪಣ್ಣ?” ಅಬ್ದುಲ್ಲ ಕೇಳಿದ.

“ನನ್ನ ಹತ್ರ ಎಂತ ಕೇಳುದು ಮಾರಾಯ?” ಎಂದು ಅವರು ಗೂಟಗಳನ್ನೆಲ್ಲ ಭವಿತಾಳ ಕೈಗೆ ಕೊಟ್ಟರು. “ಇವಳು ಹೇಳ್ತಾಳೆ.”